ತೆನೆ ಹಬ್ಬದ ಮಧ್ಯಾಹ್ನ ಮನೆಮಂದಿಯೆಲ್ಲ ಹೊರಟರೆ: ಜಾಗ ಯಾವುದು, ಬುತ್ತಿ ಏನು, ಎಷ್ಟು ಓದುವುದು?

ಸಂತೆಕಟ್ಟೆ_ಮನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 8ಕ್ಕೆ, ನಾವು ಕಥೋಲಿಕರು ಮೇರಿ ಮಾತೆಯ ಜನ್ಮದಿನದಂದು ಹೊಸ ಭತ್ತದ ತೆನೆ ಮನೆಗೆ ತರುವ ತೆನೆ ಹಬ್ಬಕ್ಕೆ, ಮನೆಯಲ್ಲಿ ಒಂಬತ್ತು ಜನ ಸೇರುವವರಿದ್ದೇವೆ. ಬೆಳಿಗ್ಗೆ ಉಡುಪಿ ಹತ್ತಿರದ ಕಲ್ಯಾಣಪುರ ಮಿಲಾಗ್ರಿಸ್ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಪೂಜೆ, ತೆನೆ ತಂದು ಮನೆಯಲ್ಲಿ ಊಟ. ಆಮೇಲೆ ಮೂರು ಗಂಟೆಗೆ ಹೊರಟು ಕತ್ತಲಾಗುವ ಮೊದಲು ವಾಪಸ್ ಬರಬೇಕು. ಅಜ್ಜಿಗೆ 78, ಮೊಣಕಾಲು ನೋವು. ಮಕ್ಕಳಿಬ್ಬರು, 6 ಮತ್ತು 9 ವರ್ಷ. ಸೊಸೆ ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವಳು.

ಕೇಳಲಿಕ್ಕಿರುವುದು ಮೂರು. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಹಾಗಿರುವಾಗ ಹತ್ತಿರದಲ್ಲಿ ಎಲ್ಲಿಗೆ ಹೋಗಬಹುದು? ಅಲ್ಲಿ ಕೂತು ಬೈಬಲಿನಿಂದ ಸ್ವಲ್ಪ ಓದಿ, ಮನೆಯವರು ಒಬ್ಬರಿಗೊಬ್ಬರು ಕೃತಜ್ಞತೆಯ ವಂದನೆ ಹೇಳಬೇಕು ಅಂತ ಅಜ್ಜಿಯ ಆಸೆ. ಮಕ್ಕಳಿಗೆ ಅದು ದೊತೊರ್ನ್ (ಧರ್ಮಬೋಧನೆಯ) ಕ್ಲಾಸಿನ ಹಾಗೆ ಆಗಬಾರದು, ಯಾವ ಭಾಗ ಓದಬೇಕು? ಇನ್ನು, ತೆನೆ ಹಬ್ಬದ ದಿನ ಮೀನು ಮಾಂಸ ಇಲ್ಲ, ಹಾಳಾಗದ ತಿಂಡಿ ಯಾವುದು ಒಯ್ಯಬಹುದು?

ಹೂಡೆ_ಕಡಲು

ಮೊದಲು ಬೇಡದ್ದನ್ನು ಹೇಳ್ತೇನೆ. ಸೈಂಟ್ ಮೇರೀಸ್ ದ್ವೀಪ ಪಟ್ಟಿಯಿಂದ ತೆಗೆಯಿರಿ. ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕಡಲು ಇನ್ನೂ ಎದ್ದೇ ಇರ್ತದೆ. ಕಾಪು ದೀಪಸ್ತಂಭ 1901ರದ್ದು, ನೋಡಲಿಕ್ಕೆ ಚಂದ, ಆದರೆ ಬಂಡೆಯ ಮೆಟ್ಟಿಲು ಹತ್ತದೆ ಬುಡಕ್ಕೂ ಹೋಗಲಿಕ್ಕಾಗುವುದಿಲ್ಲ. ಅಜ್ಜಿಯನ್ನು ಕೆಳಗೆ ಕೂರಿಸಿ ಉಳಿದವರು ಹತ್ತುವುದು ಆ ದಿನಕ್ಕೆ ಸರಿಯಲ್ಲ.

ನೀವಿರುವಲ್ಲಿಂದ ಕೆಮ್ಮಣ್ಣು, ಹೂಡೆ, ಕೋಡಿಬೆಂಗ್ರೆ ಇದೇ ಸರಿ. ಸಂತೆಕಟ್ಟೆಯಿಂದ ಸುಮಾರು ಅರ್ಧ ಗಂಟೆಯ ದಾರಿ. ಹೂಡೆ ದಾಟಿದ ಮೇಲೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ ಮತ್ತು ತೆಂಗಿನ ತೋಟ. ಅಜ್ಜಿ ಕಾರಿನಿಂದ ಇಳಿಯದೆಯೇ ಎರಡೂ ನೋಡಬಹುದು. ರಸ್ತೆ ಸಪೂರ, ಎದುರಿನಿಂದ ಬಸ್ ಬಂದರೆ ಬದಿಗೆ ನಿಲ್ಲಿಸಿ ದಾರಿ ಬಿಡಬೇಕು, ಗಡಿಬಿಡಿ ಮಾಡಬೇಡಿ. ಕೆಮ್ಮಣ್ಣಿನ ತೂಗುಸೇತುವೆಗೆ ಮಕ್ಕಳು ಹಟ ಮಾಡಿಯಾರು. ಮಳೆ ಬಿದ್ದ ದಿನ ಹಲಗೆ ಜಾರ್ತದೆ. ಒಬ್ಬ ದೊಡ್ಡವರಿಗೆ ಒಂದು ಮಗು, ಕೈ ಹಿಡಿದುಕೊಂಡು, ಹೋಗಿ ಬರುವುದು ಅಷ್ಟೇ.

ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ಹೊಳೆ ಕಡಲಿಗೆ ಸೇರುವ ಅಳಿವೆ ಉಂಟು. ಅಲ್ಲಿ ನೀರಿಗೆ ಕಾಲು ಇಡಲೇಬಾರದು. ಇಳಿತದ ಹೊತ್ತಿನಲ್ಲಿ ಕಡಲೂ ಎಳೀತದೆ, ಹೊಳೆಯ ನೀರೂ ಹೊರಗೇ ನುಗ್ತದೆ. ಮೇಲಿನಿಂದ ನೋಡಿದರೆ ನೀರು ಸುಮ್ಮನೆ ನಿಂತ ಹಾಗೆ ಕಾಣ್ತದೆ, ಮೋಸ ಹೋಗುವುದು ಅಲ್ಲೇ. ಮರಳಲ್ಲಿ ಒಂದು ಕೋಲು ನೆಟ್ಟು ಮಕ್ಕಳಿಗೆ ತೋರಿಸಿ, ಅದರಿಂದ ಆಚೆ ಇಲ್ಲ ಅಂತ.

ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ ಒಯ್ಯುವುದಾದರೆ ಅದರ ಕಾಲುಗಳ ಕೆಳಗೆ ಒಂದೂವರೆ ಅಡಿಯ ಪ್ಲೈವುಡ್ ತುಂಡು ಹಾಕಿ. ಇಲ್ಲದಿದ್ದರೆ ಒಂದು ಕಾಲು ಮರಳಲ್ಲಿ ಇಳಿದು ಕುರ್ಚಿ ವಾಲ್ತದೆ. ಸೂರ್ಯ ಮುಳುಗುವುದು ಆರೂವರೆ ಹೊತ್ತಿಗೆ. ಆರು ಗಂಟೆಗೆ ಚಾಪೆ ಮಡಚಿದರೆ ಬೆಳಕಲ್ಲೇ ಆ ಸಪೂರ ರಸ್ತೆ ದಾಟಬಹುದು.

ಬಲ್ಮಠ_ಓದುಗ

ಓದುವ ವಿಷಯಕ್ಕೆ ಬರ್ತೇನೆ. ಇದರಲ್ಲಿ ಹೆಚ್ಚಿನ ಮನೆಗಳಲ್ಲಿ ಒಂದೇ ತಪ್ಪು ಆಗುವುದು: ಒಬ್ಬರು ಓದುವುದು, ಎಂಟು ಜನ ಕೇಳುವುದು. ಗಾಳಿಯಲ್ಲಿ ಮೂರನೆಯವರಿಗೆ ಕೇಳುವುದೇ ಇಲ್ಲ, ಮಕ್ಕಳು ಮರಳು ಅಗೆಯಲಿಕ್ಕೆ ಶುರು ಮಾಡ್ತಾರೆ. ಎಲ್ಲರ ಬಾಯಿಗೂ ಕೆಲಸ ಇರುವ ಭಾಗ ಆರಿಸಿಕೊಳ್ಳಿ.

ಬೈಬಲಿನ ಕೀರ್ತನೆ 136 ಇದಕ್ಕೆಂದೇ ಇರುವ ಹಾಗಿದೆ. ಒಟ್ಟು 26 ವಚನ, ಪ್ರತಿಯೊಂದರ ಉತ್ತರಾರ್ಧವೂ ಒಂದೇ, ದೇವರ ಪ್ರೀತಿ ಶಾಶ್ವತ ಎನ್ನುವ ಮಾತು. ಮೊದಲರ್ಧವನ್ನು ಒಬ್ಬರು ಓದಿದರೆ ಉಳಿದವರು ಉತ್ತರ ಕೊಡುವುದು. ಅಕ್ಷರ ಬಾರದ ಮಗುವಿಗೂ ಎರಡನೇ ವಚನದ ಹೊತ್ತಿಗೆ ಬಾಯಿಗೆ ಬಂದಿರ್ತದೆ. ಆದರೆ 26ನ್ನೂ ಓದಬೇಡಿ. 10ನೇ ವಚನದಿಂದ ಐಗುಪ್ತದ (ಈಜಿಪ್ಟಿನ) ಚೊಚ್ಚಲು ಮಕ್ಕಳ ಸಾವು, ಅಲ್ಲಿನ ಅರಸ ಫರೋಹನ ಸೈನ್ಯ, ಹತರಾದ ಅರಸರು ಬರ್ತಾರೆ. ಅದನ್ನು ಆರು ವರ್ಷದ ಮಗುವಿಗೆ ವಿವರಿಸಲಿಕ್ಕೆ ಬೇರೆ ದಿನ, ಬೇರೆ ಹೊತ್ತು ಬೇಕು. 1ರಿಂದ 9, ಆಮೇಲೆ 23ರಿಂದ 26, ಒಟ್ಟು 13 ವಚನ. ಆಕಾಶ, ನೀರಿನ ಮೇಲೆ ಹರಡಿದ ಭೂಮಿ, ಸೂರ್ಯ, ಚಂದ್ರ, ಕೊನೆಗೆ ಜೀವಿಗಳಿಗೆಲ್ಲ ಆಹಾರ ಕೊಡುವವನು. ಕೂತಲ್ಲಿಂದ ಚಂದ್ರನೊಂದು ಬಿಟ್ಟು ಎಲ್ಲವೂ ಕಣ್ಣೆದುರೇ ಇರ್ತದೆ.

ನಿಮ್ಮ ಮನೆಯಲ್ಲಿ ಒಂದು ತೊಡಕು ಖಂಡಿತ ಬರುವುದು. ಸೊಸೆಯ ಕೈಯಲ್ಲಿ ಹಳೆಯ ಸತ್ಯವೇದ (ಕನ್ನಡ ಬೈಬಲು) ಇದ್ದರೆ ಅದರಲ್ಲಿ ದೇವರ ಹೆಸರು ಯೆಹೋವ ಅಂತ ಇರ್ತದೆ, ಹೊಸ ಭಾಷಾಂತರದಲ್ಲಿ ಸರ್ವೇಶ್ವರ. ವಾಕ್ಯಗಳ ಜೋಡಣೆಯೂ ಬೇರೆ. ಎರಡು ಪುಸ್ತಕ ಹಿಡಿದು ಒಟ್ಟಿಗೆ ಓದಿದರೆ ಎರಡನೇ ಸಾಲಿಗೇ ಸ್ವರ ಒಡೆಯುತ್ತದೆ. ಹಿಂದಿನ ದಿನವೇ ಒಂದು ಭಾಷಾಂತರ ಗೊತ್ತುಮಾಡಿ, 13 ವಚನವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೇಗೂ ಬೈಬಲಿನ ಕಾಗದ ತೆಳು, ಕಡಲಗಾಳಿಗೆ ನಿಲ್ಲುವುದಿಲ್ಲ, ಉಪ್ಪಿನ ತೇವಕ್ಕೆ ಅಂಚು ಸುರುಳಿ ಆಗ್ತದೆ. ಮೊಬೈಲಿನಲ್ಲಿ ಓದುವ ಅಂದರೆ ನಾಲ್ಕು ಗಂಟೆಯ ಬಿಸಿಲಿಗೆ ಪರದೆ ಕಾಣುವುದಿಲ್ಲ. ಹಾಳೆ ಬರೆಯುವ ಕೆಲಸ ಸೊಸೆಗೇ ಕೊಡಿ; ಬರವಣಿಗೆ ಅವಳದ್ದು, ಮೊದಲ ಸಾಲು ಓದುವುದು ಅಜ್ಜಿ.

ಶಿರ್ವ_ವಾಡೊ

ಬಲ್ಮಠದವರು ಹೇಳಿದ್ದು ಒಳ್ಳೆಯದೇ. ಆದರೆ ಒಬ್ಬರಿಗೊಬ್ಬರು ವಂದನೆ ಹೇಳುವ ಉದ್ದೇಶ ಇದ್ದರೆ ಲೂಕನ ಸುವಾರ್ತೆಯ 17ನೇ ಅಧ್ಯಾಯದ 11ರಿಂದ 19 ಇನ್ನೂ ಹತ್ತಿರ. ಒಂಬತ್ತೇ ವಚನ, ಎರಡು ನಿಮಿಷ ಸಾಕು. ಹತ್ತು ಜನ ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬ. ಮಕ್ಕಳನ್ನೂ ಇನ್ನಿಬ್ಬರನ್ನೂ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ, 13ನೇ ವಚನ ಅಲ್ಲಿಂದ ಕೂಗಲಿ. ಅವರು ದೂರದಲ್ಲೇ ನಿಂತಿದ್ದರು ಅಂತ 12ನೇ ವಚನದಲ್ಲಿ ಉಂಟು. ಯಾಕೆ ದೂರ ಅನ್ನುವುದು ಮನೆಯ ಹಾಲ್‌ನಲ್ಲಿ ಕೂತರೆ ತಿಳಿಯುವುದಿಲ್ಲ, ಅಷ್ಟು ದೊಡ್ಡ ಮರಳಿನಲ್ಲಿ ತಿಳಿಯುತ್ತದೆ. ಒಂದು ಮಗು ಓಡಿ ಬರಲಿ. ಬೇರೆ ಅರ್ಥ ವಿವರಣೆ ಬೇಡ.

ಕುಷ್ಠ ಅಂದರೆ ಏನು ಅಂತ ಕೇಳ್ತಾರೆ. ಸರಿಯಾದ ಉತ್ತರ ಕೊಡಿ: ಅದು ಶಾಪ ಅಲ್ಲ, ರೋಗಾಣುವಿನಿಂದ ಬರುವ ಕಾಯಿಲೆ, ಈಗ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ತೆಗೆದುಕೊಂಡರೆ ಪೂರ್ತಿ ಗುಣ ಆಗ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆಗೆ ದುಡ್ಡಿಲ್ಲ.

ಇನ್ನು ವಂದನೆ. "ಎಲ್ಲರಿಗೂ ಎಲ್ಲದಕ್ಕೂ ಥ್ಯಾಂಕ್ಸ್" ಅಂತ ಒಬ್ಬರು ಶುರು ಮಾಡಿದರೆ ಮುಗಿಯಿತು, ಉಳಿದ ಎಂಟು ಜನವೂ ಅದನ್ನೇ ಹೇಳ್ತಾರೆ. ಅದಕ್ಕೆ ಚೀಟಿ ಮಾಡಿ. ಹಳೆ ಮದುವೆ ಕಾಗದದ ಹಿಂಬದಿ ಗಟ್ಟಿ ಇರ್ತದೆ, ಅದನ್ನು ಅಂಗೈಯಷ್ಟು ಕತ್ತರಿಸಿ. ಪೆನ್ನು ಬೇಡ, ತೇವಕ್ಕೆ ಶಾಯಿ ಹರಡ್ತದೆ, ಪೆನ್ಸಿಲ್ ಕೊಡಿ. ಹೆಸರು, ಮಾಡಿದ ಕೆಲಸ, ಯಾವಾಗ, ಇಷ್ಟು ಇರಲೇಬೇಕು. "ಅಮ್ಮನಿಗೆ, ಅಡುಗೆಗೆ" ಅಂತ ಬರೆದರೆ ಹಿಂದೆ ಕೊಡಿ. "ಅಮ್ಮನಿಗೆ, ಜುಲೈಯಲ್ಲಿ ಜ್ವರ ಬಂದ ರಾತ್ರಿ ಎರಡು ಗಂಟೆಗೆ ಗಂಜಿ ಮಾಡಿದ್ದಕ್ಕೆ" ಅಂತ ಬರೆದರೆ ಇಟ್ಟುಕೊಳ್ಳಿ. ಯಾರ ಹೆಸರಿಗೆ ಯಾರು ಅನ್ನುವುದನ್ನು ಹಿಂದಿನ ದಿನ ಚೀಟಿ ಎತ್ತಿ ಗೊತ್ತುಮಾಡಿದರೆ ಯಾರೂ ಬಿಟ್ಟುಹೋಗುವುದಿಲ್ಲ. ಇಲ್ಲದಿದ್ದರೆ ಅಜ್ಜಿಗೆ ಆರು ಚೀಟಿ, ಅಳಿಯನಿಗೆ ಒಂದೂ ಇಲ್ಲ ಅನ್ನುವ ಹಾಗೆ ಆಗ್ತದೆ. ಅದು ನೋಯಿಸುವ ವಿಷಯ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಬರೆಯಲಿಕ್ಕೆ ಕೈ ನಡುಗುವ ಅಜ್ಜಿಗೆ ಒಂಬತ್ತು ವರ್ಷದ ಮಗು ಬರೆದುಕೊಡಲಿ.

ಜೆಪ್ಪು_ಅಡುಗೆಮನೆ

ಬುತ್ತಿಗೆ ಪತ್ರೊಡೆ, ಅಂದರೆ ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಸವರಿ ಸುತ್ತಿ ಬೇಯಿಸಿದ್ದು. ಕಾಲವೂ ಅದರದ್ದೇ. ಒಂಬತ್ತು ಜನಕ್ಕೆ 3 ಲೋಟ ಬೆಳ್ತಿಗೆ (ಕುಚ್ಚಲು ಅಲ್ಲದ ಬಿಳಿ) ಅಕ್ಕಿ, ನಾಲ್ಕು ಗಂಟೆ ನೆನೆಸಿ. ಹುರಿದ ಬ್ಯಾಡಗಿ ಮೆಣಸು 12ರಿಂದ 14, ಕೊತ್ತಂಬರಿ 3 ಚಮಚ, ಜೀರಿಗೆ 1 ಚಮಚ, ಸ್ವಲ್ಪ ಅರಶಿನ, ಎರಡು ನಿಂಬೆ ಗಾತ್ರದಷ್ಟು ಹುಣಸೆಹುಳಿ, ನೆಲ್ಲಿಕಾಯಿಯಷ್ಟು ಬೆಲ್ಲ, ಉಪ್ಪು. ನೀರು ಆದಷ್ಟು ಕಡಿಮೆ. ಕೈಯಲ್ಲಿ ಎಲೆಗೆ ಸವರಿದರೆ ಹರಿಯದೆ ನಿಲ್ಲಬೇಕು. ಕೆಸುವಿನ ಎಲೆ 18ರಿಂದ 20, ಹಿಂಬದಿಯ ದಪ್ಪ ನರ ಕೆತ್ತಿ ತೆಗೆಯಿರಿ. ಒಂದು ಸುರುಳಿಗೆ ಐದಾರು ಎಲೆ, ಹಬೆಯಲ್ಲಿ 45ರಿಂದ 50 ನಿಮಿಷ.

ಬಾಯಿ ತುರಿಸುವುದು ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳಿನಿಂದ. ಹುಳಿ ಕಡಿಮೆ ಆದರೆ ಅಥವಾ ಅರ್ಧ ಗಂಟೆಗೇ ಇಳಿಸಿದರೆ ತುರಿಸಿಯೇ ತುರಿಸ್ತದೆ. ಮಕ್ಕಳಿಗೆ ಮರಕೆಸು ಸಿಕ್ಕಿದರೆ ಇನ್ನೂ ಒಳ್ಳೆಯದು, ತುರಿಕೆ ಕಡಿಮೆ.

ಮನೆಯ ಊಟಕ್ಕಾದರೆ ತೆಂಗಿನಕಾಯಿ ಹಾಕಿ ರುಬ್ಬುವುದು ಉಂಟು. ಹೊರಗೆ ಒಯ್ಯುವುದಕ್ಕೆ ಬೇಡ, ಸೆಕೆಗೆ ಸಂಜೆಯೊಳಗೆ ಹಳಸ್ತದೆ. ತೆಂಗಿನಕಾಯಿ ಚಟ್ನಿಯೂ ಬೇಡ. 7ನೇ ತಾರೀಕು ರಾತ್ರಿ ಬೇಯಿಸಿ ಇಡಿ, ಬಿಸಿ ಇರುವಾಗ ಕತ್ತರಿಸಿದರೆ ಪುಡಿ ಪುಡಿ ಆಗ್ತದೆ. ಮರುದಿನ ಎರಡು ಗಂಟೆಗೆ ಬೆರಳು ದಪ್ಪಕ್ಕೆ ಕತ್ತರಿಸಿ, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ, ಅಡಿಗೆ ಬಾಳೆ ಎಲೆ. ಬಿಸಿಯಲ್ಲೇ ಮುಚ್ಚಿದರೆ ಬೆವರಿ ಅಂಟಂಟು. ಕುಡಿಯಲಿಕ್ಕೆ ಶುಂಠಿ ಹಾಕಿದ ಕಪ್ಪು ಚಹಾ ಫ್ಲಾಸ್ಕಿನಲ್ಲಿ.

ಸಂತೆಕಟ್ಟೆ_ಮನೆ

ಎಲ್ಲರಿಗೂ ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಲೂಕ ಮತ್ತು ಕೀರ್ತನೆ ಎರಡೂ ಓದಿದರೆ ಹೆಚ್ಚಾಗ್ತದಾ? ಇನ್ನೊಂದು, ಓದುವುದು ತಿಂಡಿಗೆ ಮೊದಲಾ, ಆಮೇಲಾ?

ಬಲ್ಮಠ_ಓದುಗ

ಎರಡೂ ಬೇಡ. ಶಿರ್ವದವರ ಮಾತು ಸರಿ, ಕಡಲಬದಿಗೆ ಲೂಕ ಇಟ್ಟುಕೊಳ್ಳಿ. ಕೀರ್ತನೆ 136 ಮಧ್ಯಾಹ್ನದ ಊಟಕ್ಕೆ ಬರಲಿ. ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಹಿರಿಯರಿಂದ ಶುರುವಾಗಿ ಒಬ್ಬೊಬ್ಬರಿಗೇ ಕೊಡುವ ಹೊತ್ತು ಇದೆಯಲ್ಲ, ಆಗ. ಒಂಬತ್ತು ಜನಕ್ಕೆ ಕೊಡುವಾಗ ಒಬ್ಬೊಬ್ಬರಿಗೆ ಒಂದು ವಚನ, ಉಳಿದ ನಾಲ್ಕು ಎಲ್ಲರೂ ಒಟ್ಟಿಗೆ. ಹಾಳೆ ಹಾರಿಹೋಗುವ ಚಿಂತೆಯೂ ಇಲ್ಲ.

ಕೋಡಿಬೆಂಗ್ರೆಯಲ್ಲಿ ಓದುವುದು ತಿಂಡಿಗೆ ಮೊದಲು, ಆದರೆ ತಲುಪಿದ ತಕ್ಷಣ ಅಲ್ಲ. ಮಕ್ಕಳು ಅರ್ಧ ಗಂಟೆ ಓಡಾಡಲಿ. ಡಬ್ಬಿಯ ಮುಚ್ಚಳ ತೆಗೆಯುವಾಗ ತಾವಾಗಿ ಬಂದು ಚಾಪೆಯಲ್ಲಿ ಕೂರ್ತಾರೆ, ಆಗ ಎರಡು ನಿಮಿಷದ ಓದು. ಚೀಟಿಗಳು ತಿಂಡಿಯ ಜೊತೆಗೇ, ಒಂದೊಂದಾಗಿ. ತಿಂದಾದ ಮೇಲೆ ಇಟ್ಟರೆ ಅರ್ಧ ಜನ ಕೈ ತೊಳೆಯಲಿಕ್ಕೆ ಎದ್ದಿರ್ತಾರೆ.

ಪತ್ರೊಡೆ ಎರಡು ತುಂಡು ಹೆಚ್ಚೇ ಇರಲಿ. ಬೈಬಲಿನ ಯಾಜಕಕಾಂಡ 7ನೇ ಅಧ್ಯಾಯದಲ್ಲಿ ಕೃತಜ್ಞತೆಯ ಬಲಿಗೆ ಒಂದು ನಿಯಮ ಉಂಟು: ಅದರ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಿಗ್ಗೆಗೆ ಉಳಿಸಬಾರದು. ಒಂದು ಮನೆಯವರಿಂದ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ, ಹಾಗಾಗಿ ನೆರೆಯವರನ್ನು ಕರೆಯಲೇಬೇಕಾಗ್ತದೆ ಅಂತ ಹಿಂದಿನಿಂದ ವಿವರಿಸ್ತಾ ಬಂದಿದ್ದಾರೆ. ಡಬ್ಬಿಯಲ್ಲಿ ಉಳಿದದ್ದನ್ನು ಮನೆಗೆ ತರಬೇಡಿ, ಅಲ್ಲೇ ಬಲೆ ಸರಿಮಾಡ್ತಾ ಕೂತವರಿಗೆ ಕೇಳಿ ಕೊಡಿ.

ಹೂಡೆ_ಕಡಲು

ಮಳೆ ಹಿಡಿದರೆ ಏನು ಅಂತ ಯಾರೂ ಹೇಳಲಿಲ್ಲ. ಎರಡೂವರೆಗೆ ಪಶ್ಚಿಮದಲ್ಲಿ ಕಡಲೂ ಬಾನೂ ಒಂದೇ ಕಪ್ಪು ಆಗಿದ್ದರೆ ಕೋಡಿಬೆಂಗ್ರೆ ಬಿಡಿ, ಗುಡುಗಿದ್ದರೆ ಬಯಲು ಮರಳಲ್ಲಿ ನಿಲ್ಲುವುದು ಅಪಾಯ. ಮಿಲಾಗ್ರಿಸ್ ಇಗರ್ಜಿಗೇ ಮತ್ತೆ ಹೋಗಿ. 1678ರಲ್ಲಿ ಶುರುವಾದ ಇಗರ್ಜಿ ಅದು, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ (ಬಿಷಪರ ಆಡಳಿತ ಪ್ರದೇಶ) ಆದಾಗ ಕೆಥೆಡ್ರಲ್, ಅಂದರೆ ಬಿಷಪರ ಮುಖ್ಯ ಇಗರ್ಜಿ, ಆಯಿತು. ಬೆಳಿಗ್ಗೆಯ ಜನಸಂದಣಿ ಮಧ್ಯಾಹ್ನ ಇರುವುದಿಲ್ಲ. ಜಗಲಿಯಲ್ಲಿ ಕೂರಬಹುದಾ, ತಿಂಡಿ ತಿನ್ನಬಹುದಾ ಅಂತ ಬೆಳಿಗ್ಗೆಯೇ ಆಫೀಸಿನಲ್ಲಿ ಕೇಳಿಕೊಂಡಿರಿ. ಚಾಪೆ ಎರಡು, ಕೊಡೆ ಐದು, ಮಕ್ಕಳಿಗೆ ಒಂದು ಜೊತೆ ಬಟ್ಟೆ ಕಾರಿನಲ್ಲಿ ಇರಲಿ.