ಮಿಲಿಟರಿ ಕಾಮಗಾರಿಯೋ, ರಾಜ್ಯದ ಲೋಕೋಪಯೋಗಿ ಇಲಾಖೆಯೋ?

ಪ್ರಶ್ನೆ (ಬದಿಯಡ್ಕ):
ಮಾನ್ಯರೇ, ನಾನು ಸಿವಿಲ್ ಬಿ.ಟೆಕ್. ಪದವೀಧರ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಜೂನಿಯರ್ ಇಂಜಿನಿಯರ್ ಪರೀಕ್ಷೆಯಲ್ಲಿ ಮಿಲಿಟರಿ ಇಂಜಿನಿಯರ್ ಸರ್ವಿಸಸ್ಸಿಗೆ, ಅಂದರೆ ಎಂ.ಇ.ಎಸ್.ಗೆ, ಆಯ್ಕೆಯಾಗಿದ್ದೇನೆ. ಕೇರಳ ಪಿ.ಎಸ್.ಸಿ.ಯ, ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ರ‍್ಯಾಂಕ್ ಪಟ್ಟಿಯಲ್ಲೂ ಹೆಸರಿದೆಯಾದರೂ ಸರದಿ ಎಂದು ಬರುವುದೋ ಗೊತ್ತಿಲ್ಲ. ನಾನು ಊರ ಹತ್ತಿರವೇ ಇರಬೇಕೆಂಬುದು ತಂದೆಯವರ ಆಸೆ. ಸಂಬಳದ ವಿಚಾರ ಹಾಗಿರಲಿ, ಯಾವ ಕಡೆ ಹೋದರೆ ಕೆಲಸವನ್ನು ಚೆನ್ನಾಗಿ ಕಲಿಯಬಹುದು?

ಉತ್ತರ 1 (ಕುಂಬಳೆ, ಎಂ.ಇ.ಎಸ್. ನಿವೃತ್ತ):
ಭೂಸೇನೆ, ನೌಕಾಪಡೆ, ವಾಯುಪಡೆಗಳ ಕಟ್ಟಡ, ರಸ್ತೆ, ನೀರು, ವಿದ್ಯುತ್ತು ಎಲ್ಲವೂ ಎಂ.ಇ.ಎಸ್.ನ ಹೊಣೆ. ನೀವು ಗ್ಯಾರಿಸನ್ ಇಂಜಿನಿಯರ್, ಅಂದರೆ ಸೇನಾ ನೆಲೆಯ ಕಾಮಗಾರಿಗಳ ಮುಖ್ಯಸ್ಥರ, ಕಚೇರಿಯ ಕೆಳಗೆ ಬಿ.ಆರ್., ಅಂದರೆ ಕಟ್ಟಡ ಮತ್ತು ರಸ್ತೆ ವಿಭಾಗದಲ್ಲಿ ಇರುತ್ತೀರಿ. ಕೆಲಸದ ದೊಡ್ಡ ಪಾಲು ದುರಸ್ತಿ ಮತ್ತು ನಿರ್ವಹಣೆ. ಸೇತುವೆ, ಸುರಂಗಗಳ ಕನಸಿದ್ದರೆ ಅದು 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆ ಸಂಸ್ಥೆಯ ಕ್ಷೇತ್ರ. 2020ರಲ್ಲಿ ಉದ್ಘಾಟನೆಯಾದ, ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಅವರದೇ ಕೆಲಸ. ಆದರೂ ಎಂ.ಇ.ಎಸ್. ಕಲಿಸುವ ಶಿಸ್ತನ್ನು ನಾನು ಬಹಳ ಗೌರವಿಸುತ್ತೇನೆ. ಕಾಂಕ್ರೀಟ್ ಸುರಿಯುವ ಮೊದಲೇ ಸರಳುಗಳ ವ್ಯಾಸವನ್ನೂ ಅಂತರವನ್ನೂ ಅಳೆದು ಅಳತೆ ಪುಸ್ತಕದಲ್ಲಿ ಶಾಯಿಯಿಂದ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಎಳೆದು, ಸರಿಯಾದ ಅಂಕಿ ಬರೆದು ಸಹಿ ಹಾಕಬೇಕು. ಕಾಂಕ್ರೀಟಿನೊಳಗೆ ಮುಚ್ಚಿಹೋದ ಸರಳಿಗೆ ಆ ಪುಟವೇ ಸಾಕ್ಷಿ. ಸೇರಿದ ಮೇಲೂ ಓದನ್ನು ಬಿಡಬೇಡಿ: ಯು.ಪಿ.ಎಸ್.ಸಿ.ಯ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಯನ್ನು ಸಾಮಾನ್ಯ ವರ್ಗದವರು 30 ವರ್ಷದೊಳಗೆ ಬರೆಯಬಹುದು, ಇದೇ ಎಂ.ಇ.ಎಸ್.ಗೆ ಅಧಿಕಾರಿಯಾಗಿಯೇ ಬರಬಹುದು.

ಉತ್ತರ 2 (ಕಾಸರಗೋಡು, ಲೋಕೋಪಯೋಗಿ ಇಲಾಖೆ):
ಊರ ಮಣ್ಣನ್ನು ಅರಿಯಬೇಕಿದ್ದರೆ ನಮ್ಮ ಇಲಾಖೆಗೆ ಸಮನಾದುದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿಯಲ್ಲಿ ಅನೇಕ ಕಡೆ ಬಿಳಿಚಿದ ಶೇಡಿ ಮಣ್ಣು ಇರುತ್ತದೆ. ಬೇಸಗೆಯಲ್ಲಿ ಕಡಿದ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಶೇಡಿ ನೀರು ಕುಡಿದು ಬಲ ಕಳೆದುಕೊಂಡಾಗ ಮೇಲಿನ ಕಲ್ಲುಸಮೇತ ಜರಿಯುತ್ತದೆ. ಆದ್ದರಿಂದ ಇಲ್ಲಿ ರಸ್ತೆಗಿಂತ ಮೊದಲು ಚರಂಡಿಯನ್ನೂ ಮೋರಿಯನ್ನೂ ಯೋಚಿಸಬೇಕು, ನೀರು ಯಾವ ತೋಡಿಗೆ ಸೇರುತ್ತದೆಂದು ನಡೆದೇ ನೋಡಬೇಕು. ಮಳೆಗಾಲದಲ್ಲಿ ನೀರು ಹರಿಯುವ ದಾರಿಯನ್ನು ಅಲ್ಲಿನ ಕೃಷಿಕರಷ್ಟು ಬಲ್ಲವರಿಲ್ಲ. ಅವರ ಮಾತು ಕೇಳದೆ ಎಸ್ಟಿಮೇಟ್ ಮಾಡಬಾರದು. ಕಡತಗಳು ಹೆಚ್ಚಾಗಿ ಮಲಯಾಳದಲ್ಲಿರುವುದರಿಂದ ಅದನ್ನು ಸರಾಗವಾಗಿ ಓದಿ ಬರೆಯಲು ಈಗಲೇ ಅಭ್ಯಾಸ ಮಾಡಿ. ಕನ್ನಡದಲ್ಲಿ ಅರ್ಜಿ ತರುವ ಹಿರಿಯರಿಗೆ ಅವರ ಭಾಷೆಯಲ್ಲೇ ಉತ್ತರಿಸುವ ಇಂಜಿನಿಯರ್ ಇಲ್ಲಿಗೆ ಬೇಕು.

ಉತ್ತರ 3 (ಮಂಜೇಶ್ವರ):
ರ‍್ಯಾಂಕ್ ಪಟ್ಟಿಯನ್ನು ನಂಬಿ ಕೈಯಲ್ಲಿರುವ ನೇಮಕವನ್ನು ಬಿಡಬೇಡಿ. ಆ ಪಟ್ಟಿಯ ಅವಧಿ ಸಾಮಾನ್ಯವಾಗಿ ಹೆಚ್ಚೆಂದರೆ 3 ವರ್ಷ. ಎಂ.ಇ.ಎಸ್.ಗೆ ಸೇರುವಾಗಲೇ ಪಿ.ಎಸ್.ಸಿ. ಪಟ್ಟಿಯಲ್ಲಿರುವುದನ್ನು ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಅಡ್ವೈಸ್ ಮೆಮೊ, ಅಂದರೆ ಪಿ.ಎಸ್.ಸಿ.ಯ ನೇಮಕ ಶಿಫಾರಸಿನ ಪತ್ರ, ಬಂದ ದಿನ ತಂದೆಯವರೊಡನೆ ಕುಳಿತು ತೀರ್ಮಾನಿಸಬಹುದು.