ಲಾಕ್‌ಡೌನಲ್ಲಿ ಮಾವನವರ ವಾಕಿಂಗ್: ಮನೆಯಲ್ಲೂ ಜಗಳ, ಅಪಾರ್ಟ್‌ಮೆಂಟಲ್ಲೂ ಜಗಳ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಬೆಂಗಳೂರಿನಿಂದ, ಮೇ 2021

ನಮ್ಮ ಮಾವನವರಿಗೆ 68. ಹದಿನೆಂಟು ವರ್ಷದಿಂದ ಶುಗರ್. ಮಳೆಯಿರಲಿ ಚಳಿಯಿರಲಿ, ಬೆಳಗ್ಗೆ ಐದೂವರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಪಾರ್ಕಿಗೆ ಹೊರಟುಬಿಡುತ್ತಿದ್ದರು. ಈಗ ಪಾರ್ಕಿಗೆ ಬೀಗ. ಹಾಲು, ತರಕಾರಿ ಎಲ್ಲ ಬೆಳಗ್ಗೆ 6ರಿಂದ 10ರೊಳಗೆ ಮುಗಿಸಬೇಕು. ಇವರು ಆರಕ್ಕೆ ಹಾಲು ತರುತ್ತೇನೆ ಅಂತ ಕೈಚೀಲ ಹಿಡಿದು ಹೋದವರು ಏಳೂಕಾಲಿಗೆ ಬರುತ್ತಾರೆ. ಹಾಲಿನ ಬೂತ್ ಇರುವುದು ನಮ್ಮ ಗೇಟಿನ ಎದುರಿಗೇ.

ಎರಡನೇ ಮಹಡಿಯ ಮನೆಯಲ್ಲಿ ವಯಸ್ಸಾದ ಅಮ್ಮನಿಗೆ ಕೋವಿಡ್ ಪಾಸಿಟಿವ್, ಮನೆಯಲ್ಲೇ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇಟ್ಟುಕೊಂಡಿದ್ದಾರೆ. ಆ ಮನೆಯವರು ಮೊನ್ನೆ ಬಾಲ್ಕನಿಯಿಂದ ಎಲ್ಲರೆದುರು, "ನಿಮ್ಮಂಥವರಿಂದಲೇ ಇದು ಹರಡ್ತಿರೋದು" ಅಂದುಬಿಟ್ಟರು. ಮಾವ ಅವತ್ತು ಊಟಕ್ಕೆ ಏಳಲಿಲ್ಲ. ಮೂರು ದಿನ ಮನೆಯಲ್ಲೇ ಕೂತರು, ಖಾಲಿ ಹೊಟ್ಟೆಯ ಶುಗರ್ 128 ಇದ್ದದ್ದು 171 ಆಯಿತು. ಅತ್ತೆ, "ಇದು ಇನ್ನೂ ಏರಿದ್ರೆ ಈಗ ಯಾವ ಆಸ್ಪತ್ರೇಲಿ ಬೆಡ್ ಸಿಗುತ್ತೆ?" ಅನ್ನುತ್ತಾರೆ. ಅದೂ ಸರಿ. ನಮ್ಮ ಯಜಮಾನರು, "ಅಪ್ಪನಿಗೆ ನಾನು ಹೇಳಕ್ಕಾಗಲ್ಲ, ನೀನೇ ಹೇಳು" ಅನ್ನುತ್ತಾರೆ. ಸೊಸೆಯಾಗಿ ನಾನು ಏನು ಅಂತ ಹೇಳಲಿ? ಮಾವನವರಿಗೆ ಲಸಿಕೆ ಒಂದು ಡೋಸ್ ಆಗಿದೆ, ಎರಡನೆಯದಕ್ಕೆ ಅಂತರವನ್ನು ಈಗ 12–16 ವಾರಕ್ಕೆ ಏರಿಸಿಬಿಟ್ಟಿದ್ದಾರೆ. ಇಂಥ ಪರಿಸ್ಥಿತಿ ದಾಟಿ ಬಂದವರು ದಯವಿಟ್ಟು ಬರೆಯಿರಿ.

ಮೈಸೂರಿನಿಂದ

ನಮ್ಮನೆಯಲ್ಲಿ ಈ ಜಗಳ ಹೋದ ವರ್ಷವೇ ಆಗಿಹೋಯಿತು. ಮಾರ್ಚ್ 25ರಿಂದ 21 ದಿನ ಅಂದರು, ಅದು ಮೇ 3ಕ್ಕೆ ಹೋಯಿತು, ಆಮೇಲೆ 17ಕ್ಕೆ. ಔಷಧಿ, ದಿನಸಿಗೆ ಹೊರಗೆ ಹೋಗಬಹುದಿತ್ತು, ವಾಕಿಂಗಿಗೆ ಅಂತ ಹೋಗುವ ಹಾಗಿರಲಿಲ್ಲ. 65 ದಾಟಿದವರು ಮನೆಯಲ್ಲೇ ಇರಬೇಕು ಅಂತ ಮೇ ತಿಂಗಳ ಆದೇಶದಲ್ಲಿ ಬೇರೆ ಬಂತು. ಅದನ್ನು ಟಿವಿಯಲ್ಲಿ ಓದಿದಾಗ ನಮ್ಮತ್ತೆಯ ಮುಖ ನೋಡಬೇಕಿತ್ತು. ಹತ್ತು ವರ್ಷಕ್ಕೆ ಕಡಿಮೆಯ ಮಕ್ಕಳ ಜೊತೆ ತಮ್ಮನ್ನೂ ಸೇರಿಸಿದ್ದಾರೆ ಅನ್ನೋದೇ ಅವರಿಗೆ ನೋವು. ಆದ್ದರಿಂದ ಮೊದಲು ಹೇಳೋದು ಇಷ್ಟು: ನಿಮ್ಮ ಮಾವನವರಿಗೆ "ಹೋಗಬೇಡಿ" ಅನ್ನೋ ಮಾತಿನಿಂದ ಶುರು ಮಾಡಬೇಡಿ. "ಎಲ್ಲಿ ನಡೀತೀರಿ?" ಅಂತ ಕೇಳಿ.

ನಾವು ತಾರಸಿಗೆ ಹೋದೆವು. ಅಲ್ಲೂ ಸಲೀಸಾಗಲಿಲ್ಲ. ಏಪ್ರಿಲ್ ಅಂದರೆ ಸಂಡಿಗೆ ಕಾಲ. ಮೇಲಿನ ಮನೆಯವರು ಅರಳು ಸಂಡಿಗೆ, ಹಪ್ಪಳ ಎಲ್ಲ ಪಂಚೆ ಮೇಲೆ ಹರವಿ, ಯಾರೂ ತುಳಿಯಬಾರದು ಅಂತ ಬಾಗಿಲಿಗೆ ಬೀಗ ಹಾಕಿಬಿಡುತ್ತಿದ್ದರು. ಕೀ ಕೇಳಿದರೆ, "ಎಲ್ಲರೂ ಮುಟ್ಟಿದ ಕೀ ನಾನು ಮತ್ತೆ ಮುಟ್ಟಬೇಕಾ?" ಅಂತ. ಎರಡು ವಾರ ಮಾತಿಲ್ಲ. ಕೊನೆಗೆ ನಮ್ಮತ್ತೆಯೇ ಹೋಗಿ, ನಿಮ್ಮ ಸಂಡಿಗೆ ಎತ್ತಿದ ಮೇಲೆ, ಸಂಜೆ ಆರರಿಂದ ಆರೂಮುಕ್ಕಾಲು ನನಗೆ ಸಾಕು ಅಂದರು. ಬೀಗ ತೆಗೆದು ಬರೀ ಚಿಲಕ ಹಾಕೋದು ಅಂತ ಆಯಿತು.

ರಂಗೋಲಿ ಪುಡಿಯಲ್ಲಿ ಆರಾರು ಅಡಿಯ ಎರಡು ಸುತ್ತು, ಒಂದಕ್ಕೊಂದು ತಾಗಿಸಿ ಎಂಟರ ಹಾಗೆ ಬರೆದಿದ್ದೆ. ಅದರ ಮೇಲೆ ಹತ್ತು ನಿಮಿಷ ಈ ಕಡೆಯಿಂದ, ಹತ್ತು ನಿಮಿಷ ಆ ಕಡೆಯಿಂದ. ಒಂದೇ ಕಡೆ ಸುತ್ತಿದರೆ ತಲೆ ತಿರುಗುತ್ತೆ, ಅದೊಂದು ಜ್ಞಾಪಕ ಇಟ್ಟುಕೊಳ್ಳಿ. ಮೇ 19ಕ್ಕೆ ಪಾರ್ಕು ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7 ತೆರೆದಾಗಲೂ ಅವರು ಹೋಗಲಿಲ್ಲ. ತಾರಸಿಯೇ ಚೆನ್ನಾಗಿದೆ ಅಂದರು.

ಬೆಂಗಳೂರಿನಿಂದ ಇನ್ನೊಬ್ಬರು

ಸ್ವಲ್ಪ ಕಟುವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮ ದೊಡ್ಡಪ್ಪ ಹೋದ ತಿಂಗಳು ತೀರಿಕೊಂಡರು. ಪಾರ್ಕುಗಳು ಇನ್ನೂ ತೆರೆದಿದ್ದ ದಿನಗಳು. ಐದು ಜನ ಸ್ನೇಹಿತರು, ಇಪ್ಪತ್ತು ವರ್ಷದ ಜೊತೆ. ನಡೆಯೋದು ಇಪ್ಪತ್ತು ನಿಮಿಷ, ಬೆಂಚಿನ ಮೇಲೆ ನಲವತ್ತು ನಿಮಿಷ. ನಡೆಯುವಾಗ ಮೂಗಿನ ಮೇಲಿದ್ದ ಮಾಸ್ಕು ಕೂತ ಕೂಡಲೇ ಗದ್ದಕ್ಕೆ ಇಳಿಯುತ್ತಿತ್ತು. ಬರುವಾಗ ಮೂಲೆ ಹೋಟೆಲಲ್ಲಿ ಬೈಟು ಕಾಫಿ. ಒಂದೇ ವಾರದಲ್ಲಿ ನಾಲ್ವರಿಗೆ ಬಂತು.

ಮನೆಯಲ್ಲಿ ನಾವು ಜಗಳ ಆಡಿದ್ದೆಲ್ಲ ವಾಕಿಂಗ್ ಬೇಕಾ ಬೇಡವಾ ಅಂತ. ಬೆಂಚಿನ ಮಾತು ಯಾರೂ ಎತ್ತಲೇ ಇಲ್ಲ. ದೊಡ್ಡಪ್ಪನಿಗೆ ನಡೆಯೋದು ಬಿಡಿ ಅನ್ನೋ ಬದಲು ಕೂರೋದು ಬಿಡಿ ಅಂದಿದ್ದರೆ ಕೇಳುತ್ತಿದ್ದರೇನೋ ಅನ್ನೋದು ದಿನಾ ರಾತ್ರಿ ತಲೆಯಲ್ಲಿ ಓಡುತ್ತೆ. ನಿಮ್ಮ ಮಾವನವರು ಏಳೂಕಾಲಿಗೆ ಬರ್ತಾರೆ ಅಂದಿರಲ್ಲ, ಆ ಒಂದೂಕಾಲು ಗಂಟೆಯಲ್ಲಿ ಎಷ್ಟು ಹೊತ್ತು ನಡೀತಾರೆ, ಎಷ್ಟು ಹೊತ್ತು ನಿಲ್ತಾರೆ, ಯಾರ ಜೊತೆ ಅಂತ ಕೇಳಿದ್ದೀರಾ? ದಯವಿಟ್ಟು ಕೇಳಿ.

ಮಂಗಳೂರಿನಿಂದ, ಫಿಸಿಯೋಥೆರಪಿಸ್ಟ್

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಬಯಲಿನಲ್ಲಿ ಒಬ್ಬರನ್ನೊಬ್ಬರು ಹಾದುಹೋಗುವ ಎರಡು ಸೆಕೆಂಡಿಗಿಂತ, ಹತ್ತಿರ ನಿಂತು ಮಾತಾಡುವ ಅರ್ಧ ಗಂಟೆ ಬಹಳ ಹೆಚ್ಚು ಅಪಾಯ. ಕಿಟಕಿಯಿಲ್ಲದ ಲಿಫ್ಟೂ ಅಪಾಯವೇ. ಮಾವನವರು ತಾರಸಿಗೆ ಹೋಗುವುದಾದರೆ ಲಿಫ್ಟು ಬೇಡ, ಮಂಡಿ ಒಪ್ಪಿದರೆ ಮೆಟ್ಟಿಲು ಹತ್ತಲಿ.

ಶುಗರ್ ಇರುವವರು ಒಂದೇ ಸಲ ಗಂಟೆಗಟ್ಟಲೆ ನಡೆಯಬೇಕು ಅಂತೇನಿಲ್ಲ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಮೂರೂ ಆದ ಮೇಲೆ ಹತ್ತು–ಹದಿನೈದು ನಿಮಿಷ ನಡುಮನೆಯಿಂದ ಅಡುಗೆಮನೆಗೆ ನಡೆದರೂ ಊಟದ ನಂತರದ ಏರಿಕೆ ತಗ್ಗುತ್ತೆ. ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದಿನಕ್ಕೆ ಮೂರು ಸಲ ಹತ್ತು ನಿಮಿಷ ನಡೆದರೆ ಐದು ದಿನಕ್ಕೆ ಅಷ್ಟಾಯಿತು. ಶುಗರ್ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಜೋರಾಗಿ ನಡೆಯೋದು ಬೇಡ, ಕೈ ನಡುಗಿ ಬೆವರು ಬಂದರೆ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳಲಿ. ಮನೆಯೊಳಗೂ ಚಪ್ಪಲಿ ಹಾಕಿ ನಡೆಯಲಿ. ಶುಗರ್ ಇರುವವರ ಪಾದಕ್ಕೆ ಸಣ್ಣ ಗಾಯ ಆದರೆ ಎಷ್ಟೋ ಸಲ ಗೊತ್ತೇ ಆಗೋದಿಲ್ಲ.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವತ್ತಿಂದ ವ್ಯಾಯಾಮ ಬಂದ್. ಈಗ ಹೇಳುತ್ತಿರುವ ಆರು ನಿಮಿಷದ ನಡಿಗೆ ವ್ಯಾಯಾಮ ಅಲ್ಲ, ಪರೀಕ್ಷೆ. ಬೆರಳಿಗೆ ಆಕ್ಸಿಮೀಟರ್ ಹಾಕಿ ಆಕ್ಸಿಜನ್ ಮಟ್ಟ ನೋಡಿ, ಕೋಣೆಯೊಳಗೇ ಆರು ನಿಮಿಷ ನಡೆದು ಮತ್ತೆ ನೋಡೋದು. 93ಕ್ಕಿಂತ ಕೆಳಗೆ ಹೋದರೆ, ಅಥವಾ ಮೊದಲಿದ್ದದ್ದಕ್ಕಿಂತ 3ಕ್ಕೂ ಹೆಚ್ಚು ಇಳಿದರೆ ಡಾಕ್ಟರಿಗೆ ಫೋನು. ನಡೆಯುವಾಗ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಇಂಗ್ಲೆಂಡಿನ ಲೆಸ್ಟರ್‌ನಿಂದ

ಇಲ್ಲಿ ಕಾನೂನು ಬೇರೆ, ಜಗಳ ಮಾತ್ರ ಅದೇ. 2020ರ ಮಾರ್ಚ್ 23ರಂದು ದಿನಕ್ಕೊಂದು ಸಲ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಅಂದರು. ಒಂದು ಸಲ ಅಂದರೆ ಎಷ್ಟು ಹೊತ್ತು, ಎಷ್ಟು ದೂರ? ಅದೇ ವಾರ ಪಕ್ಕದ ಡರ್ಬಿಶೈರ್ ಪೊಲೀಸರು ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ನಡೆಯುವವರನ್ನು ಡ್ರೋನಲ್ಲಿ ಚಿತ್ರೀಕರಿಸಿ ಹಾಕಿದರು. ಬಟಾಬಯಲಲ್ಲಿ ಇಬ್ಬರೇ ಹೋಗುತ್ತಿದ್ದವರನ್ನು. ಈ ವರ್ಷ ಜನವರಿಯಲ್ಲಿ ಅದೇ ಕೌಂಟಿಯಲ್ಲಿ ಇಬ್ಬರು ಸ್ನೇಹಿತೆಯರು ಐದು ಮೈಲಿ ಕಾರಲ್ಲಿ ಹೋಗಿ, ಕಾಫಿ ಹಿಡಿದು ಕೆರೆ ದಂಡೆಯಲ್ಲಿ ನಡೆದದ್ದಕ್ಕೆ ತಲಾ 200 ಪೌಂಡ್ ದಂಡ ಹಾಕಿ, ಆಮೇಲೆ ವಾಪಸ್ ತಗೊಂಡರು. ಪೊಲೀಸರಿಗೇ ಗೊಂದಲ ಇದ್ದಾಗ ಅಕ್ಕಪಕ್ಕದವರಿಗೆ ಇರೋದಿಲ್ಲವಾ?

ನಮ್ಮ ಮನೆಯ ಜಗಳಕ್ಕೆ ಕಾರಣ ವಾಟ್ಸಾಪಲ್ಲಿ ಬಂದ ಒಂದು ಚಿತ್ರ. ಓಡುವವನ ಹಿಂದೆ ಬಣ್ಣಬಣ್ಣದ ಹನಿಗಳ ಮೋಡ. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಎಂಜಿನಿಯರುಗಳು ಗಾಳಿಯ ಓಟವನ್ನು ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ದು, ಅದು. ನಡೆಯುವವರ ಹಿಂದೆ 4–5 ಮೀಟರ್, ಓಡುವವರ ಹಿಂದೆ 10, ಸೈಕಲ್ ವೇಗವಾಗಿ ಹೋದರೆ 20 ಮೀಟರ್ ಬಿಡಿ ಅಂತ. ನಮ್ಮನೆಯವರು ಅದನ್ನು ನೋಡಿ ನನ್ನ ಓಟವನ್ನೇ ನಿಲ್ಲಿಸಿ ಅಂತ ಪಟ್ಟು ಹಿಡಿದರು. ಹನಿ ಎಲ್ಲಿಯವರೆಗೆ ಹೋಗುತ್ತೆ ಅನ್ನೋದು ಒಂದು, ಅದರಿಂದ ರೋಗ ಹತ್ತುತ್ತಾ ಅನ್ನೋದು ಇನ್ನೊಂದು. ಆ ಲೆಕ್ಕ ಎರಡನೆಯದಕ್ಕೆ ಉತ್ತರ ಅಲ್ಲ ಅಂತ ವಾದಿಸಿ ವಾದಿಸಿ ಸಾಕಾಯಿತು. ಆಮೇಲೆ ವಾದ ಬಿಟ್ಟೆ. ಬೆಳಗ್ಗೆ ಐದೂವರೆಗೆ ಓಡುತ್ತೇನೆ, ಆಗ ಹಾದಿಯಲ್ಲಿ ಯಾರೂ ಇರಲ್ಲ, ಯಾರಾದರೂ ಕಂಡರೆ ನಾನೇ ರಸ್ತೆ ದಾಟುತ್ತೇನೆ ಅಂದೆ. ಒಂದು ದಿನ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಐವತ್ತು ನಿಮಿಷದಲ್ಲಿ ಎದುರಾದದ್ದು ಒಬ್ಬ ಪೋಸ್ಟ್‌ಮ್ಯಾನ್, ಒಂದು ನಾಯಿ. ಅವತ್ತಿಂದ ಆ ಮಾತು ನಿಂತಿತು.

ಧಾರವಾಡದ ಕಡೆಯಿಂದ

ನಮ್ಮ ಅಪ್ಪಾರದೂ ಇದ ಕಥಿ ರೀ. ಹ್ವಾದ ವರ್ಷ ವಾಕಿಂಗಿಗೆ ಹ್ವಾದಾಗ ಪೊಲೀಸ್ರು ನಾಕಾಬಂದಿಯಾಗ ಹಿಡದು, ವ್ಯಾಯಾಮ ಬೇಕಲ್ಲ, ಇಲ್ಲೇ ಮಾಡ್ರಿ ಅಂತ ಬಸ್ಕಿ ಹೊಡಸಿದ್ರು. ಎಪ್ಪತ್ತರ ಮನಿಷ್ಯಾ. ಮನಿಗೆ ಬಂದು ಯಾರ ಕೂಡಾನೂ ಮಾತಾಡಲಿಲ್ಲ. ಯಾರೋ ವಿಡಿಯೋ ಮಾಡ್ಯಾರೇನು ಅನ್ನೂ ಚಿಂತಿ ಅವರಿಗೆ ತಿಂಗಳಾನಗಟ್ಲೆ ಇತ್ತು. ಅದಕ್ಕ ಹೇಳ್ತೀನ್ರಿ ತಂಗಿ, ಹೊರಗಿನವರ ಕೈಯಾಗ ಮಾನ ಹೋಗೂದಕ್ಕಿಂತ ಮದಲ ಮನಿಯವರ ಪ್ರೀತಿಲೆ ಹೇಳೂದು ಚಲೋ. ನಮ್ಮವ್ವ ಹಿತ್ತಲದಾಗ ಬಾಳಿಗಿಡದಿಂದ ಬಾವಿತನಕಾ ದಾರಿ ಸ್ವಚ್ಛ ಮಾಡಿ ಕೊಟ್ಲು. ಅಪ್ಪಾರು ಕಿಸೆದಾಗ ಐವತ್ತು ಹುಣಸಿಬೀಜ ಇಟಗೊಂಡು, ಒಂದೊಂದು ಸುತ್ತಿಗೆ ಒಂದೊಂದು ಕಟ್ಟಿಮ್ಯಾಲೆ ಇಡತಿದ್ರು. ನಿಮ್ಮ ಕಡೆ ಹಿತ್ತಲ ಇಲ್ಲ, ಖರೆ. ಆದ್ರ ಬೀಜದ ಲೆಕ್ಕ ತಾರಸಿ ಮ್ಯಾಲೂ ನಡೀತೈತಿ.

ಮೆಲ್ಬರ್ನ್‌ನಿಂದ

2020ರ ಆಗಸ್ಟ್ 2ರಿಂದ ನಮಗೆ ಮನೆಯಿಂದ 5 ಕಿಲೋಮೀಟರ್ ಒಳಗೆ, ದಿನಕ್ಕೆ ಒಂದು ಗಂಟೆ ವ್ಯಾಯಾಮ. ರಾತ್ರಿ 8ರಿಂದ ಕರ್ಫ್ಯೂ. ಸೆಪ್ಟೆಂಬರ್ ಮಧ್ಯದಲ್ಲಿ ಎರಡು ಗಂಟೆ ಮಾಡಿದರು. ಐದು ವರ್ಷದ ಮಗ, ಇಬ್ಬರಿಗೂ ಮನೆಯಿಂದ ಕೆಲಸ. ಹೊರಗಿನವರ ಜೊತೆ ನಮಗೆ ಜಗಳ ಬರಲಿಲ್ಲ, ಗಂಡ ಹೆಂಡತಿಗೇ ಬಂತು. ಅವರು ಓಟಗಾರರು, ಅವರ ಒಂದು ಗಂಟೆ ಬೆಳಗ್ಗೆ ತಪ್ಪದೆ ಆಗುತ್ತಿತ್ತು. ನನ್ನದು ಮೀಟಿಂಗು, ಅಡುಗೆ, ಮಗುವಿನ ಆನ್‌ಲೈನ್ ಕ್ಲಾಸಿನ ನಡುವೆ ಕಳೆದುಹೋಗುತ್ತಿತ್ತು. ಒಂದು ಸಂಜೆ ಬರೀ ಕಸದ ಬುಟ್ಟಿ ಹೊರಗಿಡಲು ಹೋಗಿ ಅಲ್ಲೇ ನಿಂತು ಅತ್ತುಬಿಟ್ಟೆ. ಅದಾದ ಮೇಲೆ ಫ್ರಿಜ್ ಮೇಲೆ ಎರಡು ಬಣ್ಣದಲ್ಲಿ ಸಮಯ ಬರೆದು ಅಂಟಿಸಿದೆವು, ನನ್ನ ಗಂಟೆಯನ್ನು ಅವರ ಮೀಟಿಂಗಿನಷ್ಟೇ ಗಟ್ಟಿಯಾಗಿ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಮಾವನವರ ನಡಿಗೆ, ಅತ್ತೆಯ ಚಿಂತೆ, ಯಜಮಾನರ ಸಂಕೋಚ ಎಲ್ಲ ಬರೆದಿದ್ದೀರಿ. ನೀವು ಕೊನೆಯ ಸಲ ಹೊರಗೆ ಗಾಳಿಗೆ ನಿಂತದ್ದು ಯಾವಾಗ?

ಮತ್ತೆ ಬೆಂಗಳೂರಿನಿಂದ, ಜೂನ್ 2021

ಎಲ್ಲರಿಗೂ ಕೈಮುಗಿಯುತ್ತೇನೆ. ದೊಡ್ಡಪ್ಪನವರನ್ನು ಕಳೆದುಕೊಂಡವರ ಮಾತು ಓದಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಾವನವರಿಗೆ ಕಾಫಿ ಕೊಡುತ್ತಾ, "ಮಾವ, ಬೆಳಗ್ಗೆ ಯಾರು ಸಿಗ್ತಾರೆ ನಿಮಗೆ?" ಅಂತಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಎರಡು ರಸ್ತೆ ಆಚೆ ಅವರ ಜೊತೆ ಕೆಲಸ ಮಾಡಿದವರೊಬ್ಬರಿದ್ದಾರೆ. ಹೆಂಡತಿ ಏಪ್ರಿಲಲ್ಲಿ ತೀರಿಕೊಂಡರು, ಮಗಳು ಅಮೆರಿಕದಲ್ಲಿ, ಬರಲಾಗಿಲ್ಲ. ಮಾವ ದಿನಾ ಅವರ ಕಾಂಪೌಂಡಿನ ಹೊರಗೆ ನಿಂತು ಮುಕ್ಕಾಲು ಗಂಟೆ ಮಾತಾಡಿ ಬರುತ್ತಿದ್ದರು. ಅರ್ಧ ಲೀಟರ್ ಹಾಲನ್ನು ಅವರ ಗೇಟಿಗೆ ನೇತುಹಾಕಿ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ಹೋಗಬೇಡಿ ಅನ್ನಲಿಲ್ಲ. ಈಗ ಹಾಲನ್ನು ನಮ್ಮ ಯಜಮಾನರು ಸ್ಕೂಟರಲ್ಲಿ ಹೋಗಿ ಗೇಟಿಗೆ ಹಾಕಿ ಬರುತ್ತಾರೆ. ಮಾವನಿಗೆ ಇಯರ್‌ಫೋನ್ ಹಾಕೋದು ಕಲಿಸಿದೆ. ಬೆಳಗ್ಗೆ ಆರಕ್ಕೆ ಇವರು ನಮ್ಮ ತಾರಸಿಯಲ್ಲಿ, ಅವರು ಅವರ ತಾರಸಿಯಲ್ಲಿ, ಫೋನಲ್ಲಿ ಮಾತಾಡಿಕೊಂಡು ನಡೆಯುತ್ತಾರೆ. ಹುಣಸೆಬೀಜ ಮೂವತ್ತಿಟ್ಟುಕೊಂಡಿದ್ದಾರೆ. ಶುಗರ್ 140ರ ಹತ್ತಿರ ಬಂದಿದೆ.

ಎರಡನೇ ಮಹಡಿಯವರಿಗೆ ನಾನೇ ಫೋನ್ ಮಾಡಿದೆ. ಅವರು ಹನ್ನೊಂದು ದಿನದಿಂದ ಮಾಸ್ಕ್ ಬಿಚ್ಚದೆ ಅಮ್ಮನ ಪಕ್ಕ ಕೂತಿದ್ದರಂತೆ. "ಅವರು ಆರಾಮಾಗಿ ಗೇಟ್ ದಾಟೋದು ನೋಡಿ ತಡೆಯೋಕಾಗಲಿಲ್ಲ ಕಣಮ್ಮ" ಅಂದರು. ಅವರ ಅಮ್ಮ ಈಗ ಆಕ್ಸಿಜನ್ ಇಲ್ಲದೆ ಉಸಿರಾಡುತ್ತಿದ್ದಾರೆ. ಬೆಳಗ್ಗೆ ಆರರಿಂದ ಆರೂಮುಕ್ಕಾಲು ತಾರಸಿ ಮಾವನಿಗೆ, ಏಳರಿಂದ ಅವರಿಗೆ ಅಂತ ಮಾತಾಗಿದೆ.

ಜೂನ್ 14ರಿಂದ ಪಾರ್ಕು ಬೆಳಗ್ಗೆ 5ರಿಂದ 10ರವರೆಗೆ ನಡೆಯೋದಕ್ಕೆ ಮಾತ್ರ ತೆರೆದಿದ್ದಾರೆ. ಮಾವ ಇನ್ನೂ ಹೋಗಿಲ್ಲ. ಎರಡನೇ ಡೋಸ್ ಆಗಲಿ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ ಅಂತ ಸ್ನೇಹಿತರಿಗೆ ಹೇಳಿದ್ದಾರೆ. ಮೆಲ್ಬರ್ನಿನ ಅಕ್ಕಾ, ಸಂಜೆ ಆರೂವರೆಗೆ ಈಗ ತಾರಸಿ ನನಗೆ. ನಿನ್ನೆ ಮಳೆ ಹನಿಯಿತು, ಆದರೂ ಇಳಿದು ಬರಲಿಲ್ಲ.