ಕರಗದ ರಾತ್ರಿ ಫೋಟೋ: ಮೊದಲು ನಾಯ್ಸ್ ತೆಗೆಯೋದಾ, ಶಾರ್ಪ್ ಮಾಡೋದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬೆಂಗಳೂರು ಕರಗದ ರಾತ್ರಿ ಧರ್ಮರಾಯನ ಗುಡಿ ಹತ್ತಿರ ನಿಂತು ಇನ್ನೂರು ಫೋಟೋ ತೆಗೆದಿದ್ದೇನೆ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಎತ್ತಿ ತೋರಿಸಬೇಕು ಅನ್ನುವ ಸೆಟ್ಟಿಂಗ್) 6400. ಎಲ್ಲದರಲ್ಲೂ ರವೆ ಚೆಲ್ಲಿದ ಹಾಗೆ ಕಾಳು, ಅದೇ ನಾಯ್ಸ್. ನಾಯ್ಸ್ ತೆಗೆದರೆ ಮುಖ ಮೇಣದ ಗೊಂಬೆ ಆಗುತ್ತದೆ, ಶಾರ್ಪ್ ಮಾಡಿದರೆ ಕಾಳು ವಾಪಸ್ ಬರುತ್ತದೆ. ನೀವೆಲ್ಲ ಹೇಗೆ ಮಾಡುತ್ತೀರಿ? ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೋಬೇಕಾ?

ಉತ್ತರ 1: ನಾಯ್ಸ್ ಮೊದಲು, ಶಾರ್ಪ್ ಕೊನೆಗೆ. ಶಾರ್ಪ್ ಮಾಡುವುದು ಅಂದರೆ ಅಂಚುಗಳ ಕಪ್ಪು-ಬಿಳುಪು ವ್ಯತ್ಯಾಸ ಹೆಚ್ಚಿಸುವುದು, ಅಷ್ಟೇ. ಕತ್ತಿಯ ಅಂಚು ಯಾವುದು, ನಾಯ್ಸಿನ ಚುಕ್ಕೆ ಯಾವುದು ಅಂತ ಆ ಸ್ಲೈಡರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಎತ್ತಿ ತೋರಿಸುತ್ತದೆ.

ನಾನು ಫೋಟೋ ಎಡಿಟ್ ಮಾಡಲು ಲೈಟ್‌ರೂಮ್ ಸಾಫ್ಟ್‌ವೇರ್ ಬಳಸುತ್ತೇನೆ. 2023ರಲ್ಲಿ ಅದಕ್ಕೆ ಬಂದ ಎಐ ಡಿನಾಯ್ಸ್ (ನಾಯ್ಸ್ ತೆಗೆಯುವ) ಸ್ಲೈಡರ್ 50ರಲ್ಲಿ ನಿಂತಿರುತ್ತದೆ. ನಾನೂ ಮೊದಲು ಹಾಗೇ ಬಿಟ್ಟಿದ್ದೆ. ಒಂದು ಕರಗದ ಫೋಟೋವನ್ನು ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿದೆ. ಮಲ್ಲಿಗೆ ಮೊಗ್ಗು ಒಂದೊಂದಾಗಿ ಕಾಣುವುದು ಬಿಟ್ಟು ಹತ್ತಿ ಉಂಡೆ ಆಗಿತ್ತು! ಕರಗದಲ್ಲಿ ಮಲ್ಲಿಗೆಯೇ ಹೋದ ಮೇಲೆ ಇನ್ನೇನು ಉಳಿಯಿತು ಹೇಳಿ. ಈಗ 25-30ಕ್ಕೆ ನಿಲ್ಲಿಸುತ್ತೇನೆ. ಸ್ವಲ್ಪ ಕಾಳು ಉಳಿದರೂ ಪರವಾಗಿಲ್ಲ, ರಾತ್ರಿ ಫೋಟೋ ಅಲ್ವಾ.

ಶಾರ್ಪನಿಂಗ್‌ನಲ್ಲಿ ಮಾಸ್ಕಿಂಗ್ ಅಂತ ಒಂದು ಸ್ಲೈಡರ್ ಇದೆ. ಆಲ್ಟ್ ಕೀ ಒತ್ತಿಕೊಂಡು ಎಳೆಯಿರಿ. ಬಿಳಿ ಕಾಣುವ ಕಡೆ ಮಾತ್ರ ಶಾರ್ಪ್ ಆಗುತ್ತದೆ, ಕಪ್ಪು ಕಡೆ ಆಗುವುದಿಲ್ಲ. ಆಕಾಶ, ಕೆನ್ನೆ ಪೂರ್ತಿ ಕಪ್ಪಾಗುವ ತನಕ ಎಳೆದರೆ ನಿಮ್ಮ ಕಾಳು ವಾಪಸ್ ಬರುವ ತೊಂದರೆ ಅರ್ಧ ಮುಗಿಯಿತು. ಒಂದು ಮಾತು: ಈ ಎಐ ಡಿನಾಯ್ಸ್‌ಗೆ ರಾ ಫೈಲ್ (ಕ್ಯಾಮೆರಾ ಜೆಪೆಗ್ ಮಾಡುವ ಮೊದಲಿನ ಕಚ್ಚಾ ಫೈಲ್) ಬೇಕು. ಜೆಪೆಗ್ ಮಾತ್ರ ಇದ್ದರೆ ನಾಯ್ಸ್ ತೆಗೆಯುವ ಹಳೇ ಲ್ಯೂಮಿನೆನ್ಸ್ ಸ್ಲೈಡರೇ ಗತಿ.

ಉತ್ತರ 2: ದುಡ್ಡು ಯಾಕೆ? ಡಾರ್ಕ್‌ಟೇಬಲ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಫ್ರೀ. ಅದರಲ್ಲಿರುವ ಡಿನಾಯ್ಸ್ ಪ್ರೊಫೈಲ್ಡ್ ಅನ್ನುವ ಟೂಲ್ ನಿಮ್ಮ ಕ್ಯಾಮೆರಾ, ಐಎಸ್‌ಒ ನೋಡಿಕೊಂಡು ಕೆಲಸ ಮಾಡುತ್ತದೆ. ಕಲಿಯಲು ಎರಡು ಭಾನುವಾರ ಹೋಗುತ್ತದೆ, ಅಷ್ಟೇ. ಎಐ ಸಾಫ್ಟ್‌ವೇರೇ ಬೇಕು ಅಂದರೆ ಮೊದಲು ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳಿ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಟೋ ಮುಗಿಯುವಷ್ಟರಲ್ಲಿ ಕೆಳಗೆ ಹೋಗಿ ಬೈಟು ಕಾಫಿ ಕುಡಿದು ಬರುತ್ತಿದ್ದೆ.

ಉತ್ತರ 3: ನಾನು ಬೆಳಗಿನ ಜಾವ ಹೆಬ್ಬಾಳ ಕೆರೆಯಲ್ಲಿ ಹಕ್ಕಿ ತೆಗೆಯುವವನು. ಸಾಫ್ಟ್‌ವೇರಿಗಿಂತ ಮೊದಲು ಒಂದು ಕೇಳುತ್ತೇನೆ: ಐಎಸ್‌ಒಗೆ ಹೆದರಿ ಫೋಟೋ ಕತ್ತಲೆಯಾಗಿ ತೆಗೆದು, ಆಮೇಲೆ ಎಡಿಟ್‌ನಲ್ಲಿ ಬೆಳಕು ಎತ್ತಿದಿರಾ? ನಾನು ವರ್ಷಗಟ್ಟಲೆ ಹಾಗೇ ಮಾಡಿದೆ. 1600ರಲ್ಲಿ ಕತ್ತಲಾಗಿ ತೆಗೆದು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಎತ್ತಿದರೆ, ಸರಿಯಾದ ಬೆಳಕಿನಲ್ಲಿ ತೆಗೆದ 6400ಕ್ಕಿಂತ ಚೆನ್ನಾಗೇನೂ ಬರುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ನೆರಳಿನ ಭಾಗ ಇನ್ನೂ ಕೆಡುತ್ತದೆ.

ಇನ್ನೊಂದು, ಕರಗದ ಜೊತೆ ಕತ್ತಿ ಹಿಡಿದು ಹೋಗುವ ವೀರಕುಮಾರರು ಓಡುವಾಗ ಶಟರ್ 1/60 ಸೆಕೆಂಡ್ ಇಟ್ಟಿದ್ದರೆ ಫೋಟೋದಲ್ಲಿ ಕಾಣುವುದು ಅಲುಗಾಟ. ಶಾರ್ಪ್ ಸ್ಲೈಡರ್ ಅದನ್ನು ಸರಿ ಮಾಡುವುದಿಲ್ಲ, ಅಂಚಿಗೆ ಬಿಳಿ ಗೆರೆ ಹಚ್ಚುತ್ತದೆ. ಡಿಲೀಟ್ ಮಾಡಿ, ಸುಮ್ನೆ ಒದ್ದಾಡಬೇಡಿ.

ಕೊನೆಯ ಶಾರ್ಪನಿಂಗ್ ಮಾತ್ರ ಸೈಜ್ ಚಿಕ್ಕದು ಮಾಡಿದ ಮೇಲೆ. ಮೊಬೈಲಿಗೆ 2048 ಪಿಕ್ಸೆಲ್‌ಗೆ ಇಳಿಸಿದರೆ ಕಾಳು ತಾನಾಗೇ ಎಷ್ಟೋ ಮಾಯವಾಗುತ್ತದೆ. ಪ್ರಿಂಟಿಗೆ ಸ್ವಲ್ಪ ಜಾಸ್ತಿ ಶಾರ್ಪ್ ಬೇಕು, ಕಾಗದದಲ್ಲಿ ಶಾಯಿ ಹರಡುತ್ತದೆ. ಮ್ಯಾಟ್ ಕಾಗದವಾದರೆ ಇನ್ನೂ ಸ್ವಲ್ಪ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಎಲ್ಲರಿಗೂ. ಹೆಬ್ಬಾಳದ ಸರ್ ಹೇಳಿದ್ದು ನಿಜ, ಕತ್ತಲಾಗೇ ತೆಗೆದು ಎತ್ತಿದ್ದೆ. ಅಲುಗಾಡಿದವನ್ನು ಡಿಲೀಟ್ ಮಾಡಿದ ಮೇಲೆ ಉಳಿದಿದ್ದು ನಲವತ್ತೊಂದು. ಡಿನಾಯ್ಸ್ 28, ಮಾಸ್ಕಿಂಗ್ 70 ಇಟ್ಟೆ. ಮಲ್ಲಿಗೆ ಮೊಗ್ಗು ಎಣಿಸಬಹುದು ಈಗ.